ಪಾಸು ಕೈಯಲ್ಲಿದೆ, ಬಸ್ಸು ಎಲ್ಲಿದೆ?

ಸರ್ಕಾರಿ ಶಾಲೆಯ ಮಗು ಮನೆಯಿಂದ ಶಾಲೆಗೆ ಹೋಗಿ ಬರುವ ದಾರಿಗೆ ಕರ್ನಾಟಕದಲ್ಲಿ ದುಡ್ಡು ಕೊಡುವವರು ಬಹಳ ಮಂದಿ. ರಾಜ್ಯ ಸರ್ಕಾರ ಕೊಡುತ್ತದೆ, ಕೇಂದ್ರ ಕೊಡುತ್ತದೆ, ಸಾರಿಗೆ ನಿಗಮಗಳು ತಮ್ಮ ನಷ್ಟದ ನಡುವೆಯೂ ಕೊಡುತ್ತವೆ. ಕೆಲವು ಊರುಗಳಲ್ಲಿ ಹಳೆ ವಿದ್ಯಾರ್ಥಿಗಳು ಚಂದಾ ಎತ್ತಿ ಕೊಡುತ್ತಾರೆ. ಇವರೆಲ್ಲ ಕೊಟ್ಟ ಮೇಲೂ ಬಸ್ಸು ಬಾರದ ದಿನ ಅಪ್ಪ ಬೈಕಿಗೆ ಪೆಟ್ರೋಲ್ ಹಾಕಿಸುತ್ತಾನೆ. ಇಷ್ಟು ಕೈ ಸೇರಿದರೂ, ಮೊದಲ ಗಂಟೆ ಹೊಡೆಯುವ ಮುಂಚೆ ಮಗು ತರಗತಿಯಲ್ಲಿರಬೇಕು, ಅದಕ್ಕೆ ನಾನು ಹೊಣೆ ಎನ್ನುವ ಒಬ್ಬ ಅಧಿಕಾರಿ ತಾಲ್ಲೂಕಿನಲ್ಲಿ ಸಿಗುವುದಿಲ್ಲ. ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಯಲ್ಲಿ ಕೇಳಿದರೆ ಡಿಪೋ ಕಡೆ ಕೈ ತೋರಿಸುತ್ತಾರೆ. ಡಿಪೋದಲ್ಲಿ ಕೇಳಿದರೆ ಬಸ್ಸಿಲ್ಲ, ಡ್ರೈವರ್ ಇಲ್ಲ ಎನ್ನುತ್ತಾರೆ. ಪಂಚಾಯ್ತಿಯವರಿಗೆ ರಸ್ತೆಯೇ ಸಾಕಾಗಿದೆ.

ಈ ವ್ಯವಸ್ಥೆ ಸರ್ಕಾರದ ಕಣ್ಣಿಗೆ ಹೇಗೆ ಕಾಣುತ್ತದೆ ಎಂದು ತಿಳಿಯಲು ಜೂನ್ ಮೊದಲ ವಾರ ಯಾವುದಾದರೂ ಗ್ರಾಮ ಒನ್ ಕೇಂದ್ರದ ಮುಂದೆ ನಿಲ್ಲಬೇಕು. ಅಲ್ಲಿ ಅದು ಒಂದು ಅರ್ಜಿ. ಸೇವಾ ಸಿಂಧು ಪೋರ್ಟಲ್‌ನಲ್ಲಿ ಮಗುವಿನ ವಿವರ, ಆಧಾರ್, ಶಾಲೆಯಲ್ಲಿ ಓದುತ್ತಿರುವ ದಾಖಲೆ, ಊರಿನಿಂದ ಶಾಲೆಗೆ ಹತ್ತುವ ಇಳಿಯುವ ಸ್ಟಾಪುಗಳ ಹೆಸರು. ಒಟಿಪಿ ಮಾತ್ರ ಅಪ್ಪನ ಮೊಬೈಲಿಗೇ ಹೋಗುತ್ತದೆ. ಅಪ್ಪ ತೋಟದಲ್ಲಿರುತ್ತಾನೆ, ತೋಟದಲ್ಲಿ ಸಿಗ್ನಲ್ ಇರುವುದಿಲ್ಲ. ಇದೆಲ್ಲ ದಾಟಿ ಬಂದವರಿಗೆ ಹತ್ತು ತಿಂಗಳ ಪಾಸು. 2024-25ರ ಕೆಎಸ್‌ಆರ್‌ಟಿಸಿ ದರಪಟ್ಟಿಯಂತೆ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಸಂಸ್ಕರಣಾ ಶುಲ್ಕ ಸೇರಿ 150 ರೂಪಾಯಿ, ಹೈಸ್ಕೂಲು ಹುಡುಗರಿಗೆ 750, ಪಿಯು ಮತ್ತು ಪದವಿಯವರಿಗೆ 1,050. ಪರಿಶಿಷ್ಟ ಜಾತಿ, ಪಂಗಡದ ಹೈಸ್ಕೂಲು, ಕಾಲೇಜು ಮಕ್ಕಳಿಗೆ ಇದಕ್ಕಿಂತ ಬಹಳ ಕಡಿಮೆ. ಮನೆಯಿಂದ 60 ಕಿ.ಮೀ.ವರೆಗೆ ಪಾಸು ನಡೆಯುತ್ತದೆ.

ದೇಶದಲ್ಲಿ ಇಷ್ಟು ಅಗ್ಗದ ಪಾಸು ಕೊಡುವ ರಾಜ್ಯಗಳು ಹೆಚ್ಚಿಲ್ಲ. ಅದರಲ್ಲಿ ಅನುಮಾನ ಬೇಡ. ತೊಡಕಿರುವುದು ಅದರ ಹಿಂದಿನ ಲೆಕ್ಕದಲ್ಲಿ. ರಿಯಾಯಿತಿ ಪಾಸಿನ ಬೆಲೆಯಲ್ಲಿ ಅರ್ಧ ಸರ್ಕಾರದ್ದು, ಕಾಲು ಭಾಗ ನಿಗಮದ್ದು, ಉಳಿದ ಕಾಲು ವಿದ್ಯಾರ್ಥಿಯದ್ದು ಎಂಬುದು ಬಹುಕಾಲದಿಂದ ಬಂದ ಸೂತ್ರ. 2018ರಲ್ಲಿ ಎಲ್ಲ ವಿದ್ಯಾರ್ಥಿಗಳಿಗೂ ಉಚಿತ ಪಾಸು ಕೊಡಿ ಎಂದು ರಾಜ್ಯದ ಉದ್ದಗಲಕ್ಕೂ ಹುಡುಗರು ಬೀದಿಗಿಳಿದಾಗ ವಿಧಾನಸೌಧದಲ್ಲಿ ನಡೆದ ಚರ್ಚೆಯೆಲ್ಲ ಈ ಮೂರು ಪಾಲಿನ ಸುತ್ತಲೇ. ಆ ಸೂತ್ರವನ್ನೇ ನೆಚ್ಚಿ ನಾವೂ ಒಂದು ಲೆಕ್ಕ ಹಾಕೋಣ. ಹೈಸ್ಕೂಲು ಹುಡುಗನ 750 ರೂಪಾಯಿ ಕಾಲು ಭಾಗವಾದರೆ ಪೂರ್ತಿ ಬೆಲೆ 3,000. ಶಾಲೆ ನಡೆಯುವ 220 ದಿನಕ್ಕೆ ಹಂಚಿದರೆ ದಿನಕ್ಕೆ 14 ರೂಪಾಯಿಯೂ ಆಗದು. ಹೋಗಿ, ಬರಲು ಎರಡೂ ಸೇರಿ. ಇಪ್ಪತ್ತು ಕಿ.ಮೀ. ದೂರದಿಂದ ಬರುವ ಹುಡುಗನ ಒಂದು ಕಡೆಯ ಟಿಕೆಟ್ಟಿಗೂ ಇದು ಸಾಲದು. ಹಾಗಾಗಿ ಕಾಗದದ ಮೇಲೆ ಕಾಲು ಭಾಗ ಹೊರುವ ನಿಗಮ, ರಸ್ತೆಯ ಮೇಲೆ ಅದಕ್ಕಿಂತ ಬಹಳ ಹೆಚ್ಚನ್ನೇ ಹೊರುತ್ತಿದೆ. ಹೊರೆ ಹೆಚ್ಚಾದಾಗ ಅದು ಮಾಡುವ ಕೆಲಸ ಒಂದೇ: ಟ್ರಿಪ್ ಕಟ್.

ಡಿಪೋದ ಲೆಕ್ಕ

ಬಸ್ಸು ಯಾವ ಊರಿಗೆ ಎಷ್ಟು ಹೊತ್ತಿಗೆ ಎಂಬುದನ್ನು ಶಾಲೆಯ ಗಂಟೆ ನೋಡಿ ಯಾರೂ ನಿಗದಿ ಮಾಡುವುದಿಲ್ಲ. ಡಿಪೋದಲ್ಲಿ ಅದಕ್ಕೆ ಫಾರಂ-4 ಎಂಬ ಹಾಳೆಯಿದೆ. ಒಂದು ಷೆಡ್ಯೂಲ್‌ಗೆ ಒಂದು ಬಸ್ಸು, ಅದರ ಡ್ರೈವರ್-ಕಂಡಕ್ಟರ್ ಡ್ಯೂಟಿ, ಎಲ್ಲಿಂದ ಎಲ್ಲಿಗೆ, ಎಷ್ಟು ಕಿ.ಮೀ., ಎಲ್ಲಿ ಎಷ್ಟು ನಿಮಿಷ ನಿಲುಗಡೆ ಎಲ್ಲವೂ ಅದರಲ್ಲಿರುತ್ತದೆ. ಆ ಹಾಳೆ ಬದಲಾಗಬೇಕಾದರೆ ಡಿಪೋ ಮ್ಯಾನೇಜರ್ ವಿಭಾಗೀಯ ಕಚೇರಿಗೆ ಬರೆಯಬೇಕು, ಅಲ್ಲಿ ಸಂಚಾರ ಶಾಖೆಯವರು ಒಪ್ಪಬೇಕು. ಅವರ ಮೊದಲ ಪ್ರಶ್ನೆ: ಕಿ.ಮೀ.ಗೆ ಎಷ್ಟು ಬರುತ್ತಿದೆ?

ನೈಟ್ ಹಾಲ್ಟ್ ಬಸ್ಸನ್ನೇ ತೆಗೆದುಕೊಳ್ಳಿ. ರಾತ್ರಿ ಎಂಟೂವರೆ-ಒಂಬತ್ತರ ಹೊತ್ತಿಗೆ ಕೊನೆಯ ಹಳ್ಳಿ ಮುಟ್ಟಿ ಅರಳಿಕಟ್ಟೆಯ ಪಕ್ಕದಲ್ಲಿ ನಿಲ್ಲುತ್ತದೆ. ಡ್ರೈವರ್, ಕಂಡಕ್ಟರ್ ಬಸ್ಸಿನೊಳಗೇ ಸೀಟಿನ ಮೇಲೆ ಹಾಸಿಕೊಂಡು ಮಲಗುತ್ತಾರೆ. ಯಾರದೋ ಮನೆಯಿಂದ ಬಿಸಿನೀರು, ಯಾರದೋ ಮನೆಯಿಂದ ಮುದ್ದೆ-ಸಾರು. ಬೆಳಿಗ್ಗೆ ಆರಕ್ಕೆ ಹೊರಟರೆ ಹೂವಿನ ಬುಟ್ಟಿ, ಸೊಪ್ಪಿನ ಮೂಟೆ, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು, ಆಸ್ಪತ್ರೆಗೆ ಹೊರಟ ಅಜ್ಜಿ ಎಲ್ಲರನ್ನೂ ತುಂಬಿಕೊಂಡು ಏಳೂವರೆಗೆ ತಾಲ್ಲೂಕು ಸೇರುತ್ತದೆ. ಪೇಟೆಗೂ ಫ್ಯಾಕ್ಟರಿಗೂ ಹೊಂದುವ ಸಮಯ ಅದು, ಹತ್ತಕ್ಕೆ ಶುರುವಾಗುವ ಹೈಸ್ಕೂಲಿಗಲ್ಲ. ಅದೇ ಬಸ್ಸು ತಿರುಗಿ ಹಳ್ಳಿಗೆ ಬರುವುದು ಒಂಬತ್ತೂವರೆಗೆ. ಅದನ್ನು ಹತ್ತಿದವನು ಮೊದಲ ಪೀರಿಯಡ್ ಕಳೆದುಕೊಳ್ಳುತ್ತಾನೆ. ಆರರ ಬಸ್ಸಿಗೇ ಬಂದವನು ಎರಡೂವರೆ ತಾಸು ನಿಲ್ದಾಣದ ಕಟ್ಟೆಯ ಮೇಲೆ ಕೂರುತ್ತಾನೆ. ಬೀಗ ಹಾಕಿದ ಶಾಲೆಯ ಗೇಟಿನ ಮುಂದೆ ಎಂಟು ಗಂಟೆಗೇ ತಿಂಡಿ ಡಬ್ಬಿ ಬಿಚ್ಚಿ ಕೂತ ಮಕ್ಕಳನ್ನು ತಾಲ್ಲೂಕು ಕೇಂದ್ರಗಳಲ್ಲಿ ಯಾರು ಬೇಕಾದರೂ ನೋಡಬಹುದು.

ಸಂಜೆಯದು ಇನ್ನೊಂದು ಕಥೆ. ಎಸ್‌ಎಸ್‌ಎಲ್‌ಸಿ ಫಲಿತಾಂಶ ಸುಧಾರಿಸಬೇಕೆಂದು ಇಲಾಖೆ ವಿಶೇಷ ತರಗತಿ ನಡೆಸಿ ಎನ್ನುತ್ತದೆ. ನಾಲ್ಕೂವರೆಗೆ ಶಾಲೆ ಬಿಟ್ಟ ಕೂಡಲೇ ಇರುವ ಬಸ್ಸು ತಪ್ಪಿದರೆ ಮುಂದಿನದು ಆರೂವರೆಗೆ, ಊರು ತಲುಪುವಾಗ ಕತ್ತಲು. ಹೊರಗಿನ ಹಳ್ಳಿಗಳ ಹುಡುಗಿಯರು ವಿಶೇಷ ತರಗತಿಯ ಅರ್ಧದಲ್ಲೇ ಎದ್ದು ಓಡುತ್ತಾರೆ. ಗಣಿತದ ಮೇಷ್ಟರು ಗದರುತ್ತಾರೆ, ಆಮೇಲೆ ಅವರೂ ಸುಮ್ಮನಾಗುತ್ತಾರೆ. ತರಗತಿ ನಡೆಸಿ ಎಂದ ಇಲಾಖೆಗೂ ಬಸ್ಸು ಓಡಿಸುವ ಇಲಾಖೆಗೂ ನಡುವೆ ಒಂದು ಪತ್ರವೂ ಓಡಾಡಿರುವುದಿಲ್ಲ.

2023ರ ಜೂನ್ 11ರಂದು ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದು ಅವರಿಗೆ ಪಾಸೇ ಬೇಡವಾಯಿತು. ಎರಡು ವರ್ಷ ತುಂಬಿದ ಸ್ವಲ್ಪ ದಿನಕ್ಕೇ ಉಚಿತ ಪ್ರಯಾಣಗಳ ಸಂಖ್ಯೆ 500 ಕೋಟಿ ದಾಟಿತು. ದೂರದ ಕಾಲೇಜು ಬೇಡ ಎನ್ನುತ್ತಿದ್ದ ಮನೆಗಳಲ್ಲಿ ಮಗಳಿಗೆ ಒಂದು ಅಡ್ಡಿಯಾದರೂ ಕಡಿಮೆಯಾಗಿದೆ. ಇದನ್ನು ಲೇವಡಿ ಮಾಡುವವರ ಜೊತೆ ನನಗೆ ಸಹಮತವಿಲ್ಲ. ಆದರೆ ಲೆಕ್ಕದ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಹುಡುಗಿ ಹತ್ತಿದರೆ ಕಂಡಕ್ಟರ್ ಮಷಿನ್‌ನಿಂದ ಶೂನ್ಯ ದರದ ಟಿಕೆಟ್ ಹರಿದು ಕೊಡುತ್ತಾರೆ. ಆ ಟಿಕೆಟ್ಟಿಗೆ ಒಂದು ಬೆಲೆಯಿದೆ, ಸರ್ಕಾರ ನಿಗಮಕ್ಕೆ ಕೊಡಬೇಕಾದ ಬಾಬ್ತಿಗೆ ಅದು ಸೇರುತ್ತದೆ. ಪಾಸು ತೋರಿಸುವ ಹುಡುಗನಿಂದ ಆ ದಿನದ ಕಲೆಕ್ಷನ್‌ಗೆ ಏನೂ ಸೇರದು. ಒಂದೇ ಮನೆಯ ಅಕ್ಕ-ತಮ್ಮ ಒಂದೇ ಸ್ಟಾಪಿನಲ್ಲಿ ನಿಂತರೂ ನಿಗಮದ ಪುಸ್ತಕದಲ್ಲಿ ಅಕ್ಕ ಆದಾಯ, ತಮ್ಮ ಬರೀ ಭಾರ. ಬಸ್ಸು ತುಂಬಿದಾಗ ಫುಟ್‌ಬೋರ್ಡಿನಲ್ಲಿ ನೇತಾಡುವವನು ಯಾರು ಎಂದು ಬಿಡಿಸಿ ಹೇಳಬೇಕಿಲ್ಲ.

ಸರ್ಕಾರ ಈ ಬಾಬ್ತನ್ನು ಹೊತ್ತಿಗೆ ಸರಿಯಾಗಿ ಕೊಟ್ಟರೆ ಹೊಸ ಬಸ್ಸು ಬರುತ್ತದೆ. ಬಾಕಿ ಉಳಿದರೆ ಡೀಸೆಲ್ಲಿಗೂ ತತ್ವಾರ. 2025ರ ಜನವರಿಯಲ್ಲಿ ರಾಜ್ಯದ ನಾಲ್ಕೂ ಸಾರಿಗೆ ನಿಗಮಗಳು ಸೇರಿ 2,000 ಕೋಟಿ ರೂಪಾಯಿ ಸಾಲ ಎತ್ತಲು ಸಂಪುಟ ಒಪ್ಪಿತು, ಅದೇ ತಿಂಗಳು ಟಿಕೆಟ್ ದರವೂ ಶೇ 15ರಷ್ಟು ಏರಿತು. ಇಂಥ ಸ್ಥಿತಿಯಲ್ಲಿರುವ ಡಿಪೋಗೆ ಹೋಗಿ ಮೂವತ್ತು ಮಕ್ಕಳಿಗಾಗಿ ಬೆಳಿಗ್ಗೆ ಎಂಟೂವರೆಗೆ ಒಂದು ಟ್ರಿಪ್ ಹಾಕಿ ಎಂದರೆ ಮ್ಯಾನೇಜರ್ ಏನು ಹೇಳಬಹುದು? ಕೊನೆಗೆ ಮಕ್ಕಳು ಬಸ್ಸಿಗೆ ಅಡ್ಡ ಕೂರುತ್ತಾರೆ, ಪತ್ರಿಕೆಯ ಜಿಲ್ಲಾ ಪುಟದಲ್ಲಿ ಫೋಟೋ ಬರುತ್ತದೆ, ಮರುದಿನದಿಂದ ಬಸ್ಸು ಬರುತ್ತದೆ. ಹದಿನೈದು ದಿನ. ರಸ್ತೆ ತಡೆಯೇ ನಮ್ಮ ಶಾಲಾ ಸಾರಿಗೆಯ ಅಧಿಕೃತ ಅರ್ಜಿ ನಮೂನೆ ಎಂದು ಘೋಷಿಸಿಬಿಟ್ಟರೂ ಆದೀತು.

ಕೊಪ್ಪದ ಬಸ್ಸು, ಕಾಸರಗೋಡಿನ ಒಂದು ರೂಪಾಯಿ

ನಿಗಮದ ಕೆಂಪು ಬಸ್ಸು ಕಾಣದ ಸೀಮೆಗಳೂ ಇವೆ. ಮಲೆನಾಡು, ಕರಾವಳಿಯ ಬಹುಭಾಗದಲ್ಲಿ ಮಕ್ಕಳನ್ನು ಹೊತ್ತದ್ದು ಖಾಸಗಿ ಬಸ್ಸು. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪದಲ್ಲಿ ಮಾಲೀಕರ ಕಂಪನಿ ಮುಚ್ಚಿದ ಮೇಲೆ ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದ ಸಹಕಾರ ಸಾರಿಗೆಯದು ಅಪರೂಪದ ಉದಾಹರಣೆ. ಬೆರಳೆಣಿಕೆಯ ಬಸ್ಸುಗಳಿಂದ ಶುರುವಾಗಿ ಎಪ್ಪತ್ತರ ಆಸುಪಾಸಿಗೆ ಬೆಳೆದು, ಘಟ್ಟದ ತಿರುವುಗಳ ಒಳಗಿನ ಹಳ್ಳಿಗಳಿಗೆ ಓಡಾಡುತ್ತಿತ್ತು. ವಿದ್ಯಾರ್ಥಿಗಳಿಗೆ ರಿಯಾಯಿತಿ ಕೊಡುತ್ತಿತ್ತು. ಡ್ರೈವರ್, ಕಂಡಕ್ಟರ್‌ಗೆ ಯಾವ ಮಗು ಯಾವ ಮನೆಯದು ಎಂದು ಗೊತ್ತಿರುತ್ತಿತ್ತು. 2020ರ ಫೆಬ್ರುವರಿಯಲ್ಲಿ ಅದು ನಿಂತಿತು. ಡೀಸೆಲ್, ತೆರಿಗೆ, ವಿಮೆಯ ಹೊರೆಗೆ ಸಂಸ್ಥೆ ಬಾಗಿತು ಎಂದರು. ನಿಜವೇ. ಆದರೆ ಸರ್ಕಾರ ಶಾಲೆಗೆ ಹೋಗುವ ಮಗು ತನ್ನ ನಿಗಮದ ಬಸ್ಸಿನಲ್ಲಿ ಕೂತರೆ ಅರ್ಧ ಹೊರುತ್ತೇನೆ ಎಂದು ಒಪ್ಪಿಕೊಂಡಿದ್ದನ್ನು, ಅದೇ ಮಗು ಕಾರ್ಮಿಕರ ಬಸ್ಸಿನಲ್ಲಿ ಕೂತಾಗ ಏಕೆ ಒಪ್ಪಿಕೊಳ್ಳಬಾರದಿತ್ತು? ಮಲೆನಾಡಿನಲ್ಲಿ ಈ ಪ್ರಶ್ನೆಗೆ ಇವತ್ತಿಗೂ ಉತ್ತರ ಬಂದಿಲ್ಲ.

ಗಡಿ ದಾಟಿದರೆ ಕಾಸರಗೋಡಿನ ಕನ್ನಡ ಮಕ್ಕಳಿಗೆ ಕೇರಳದ ರೀತಿ. ಅಲ್ಲಿ ಖಾಸಗಿ ಬಸ್ಸಿನಲ್ಲಿ ವಿದ್ಯಾರ್ಥಿಯ ಕನಿಷ್ಠ ದರ ಒಂದು ರೂಪಾಯಿ, 2012ರಿಂದಲೂ. ಕೊರತೆಯನ್ನು ಸರ್ಕಾರ ತುಂಬಿಕೊಡುವುದಿಲ್ಲ, ಬಸ್ ಮಾಲೀಕನೇ ನುಂಗಬೇಕು. 2025ರ ಜುಲೈಯಲ್ಲಿ ಅಲ್ಲಿನ ಮಾಲೀಕರು ಬಸ್ ನಿಲ್ಲಿಸಿ ಮುಷ್ಕರ ಹೂಡಿದ್ದಕ್ಕೆ ಈ ಒಂದು ರೂಪಾಯಿಯೂ ಕಾರಣ. ರಿಯಾಯಿತಿಯನ್ನು ಘೋಷಿಸುವವರು ಒಬ್ಬರು, ಭರಿಸುವವರು ಇನ್ನೊಬ್ಬರು ಆದಾಗ ಬಸ್ ಸ್ಟಾಪಿನಲ್ಲಿ ಯೂನಿಫಾರಂ ಕಂಡ ಕೂಡಲೇ ಡ್ರೈವರ್ ಗಾಡಿಯ ವೇಗ ಏಕೆ ಹೆಚ್ಚಿಸುತ್ತಾನೆ ಎಂದು ಅರ್ಥವಾಗುತ್ತದೆ.

ಇದೆಲ್ಲದಕ್ಕಿಂತ ಸರಳವಾದದ್ದೊಂದು ನಮ್ಮಲ್ಲಿತ್ತು: ಸೈಕಲ್. 2006-07ರಲ್ಲಿ ಶುರುವಾಗಿ, ಸರ್ಕಾರಿ ಮತ್ತು ಅನುದಾನಿತ ಶಾಲೆಯ ಎಂಟನೇ ತರಗತಿಯ ಮಕ್ಕಳಿಗೆ ವರ್ಷಕ್ಕೆ ಸುಮಾರು ಐದು ಲಕ್ಷ ಸೈಕಲ್ ಹಂಚುವ ಮಟ್ಟಕ್ಕೆ ಬೆಳೆದಿತ್ತು. ಟೆಂಡರಿನ ಗಲಾಟೆ, ಚೈನು ಕಳಚುವ ಗಾಡಿ, ಬ್ರೇಕು ಹಿಡಿಯದ ದೂರು ಎಲ್ಲವೂ ಇದ್ದವು. ಕೋವಿಡ್ ಕಾಲದಲ್ಲಿ ನಿಂತದ್ದು ಮುಂದಿನ ವರ್ಷಗಳಲ್ಲಿ ಮರಳಿ ಬರಲಿಲ್ಲ. ಬಿಹಾರದಲ್ಲೂ 2006ರಲ್ಲೇ ಹುಡುಗಿಯರಿಗೆ ಸೈಕಲ್ ಕೊಳ್ಳಲು 2,000 ರೂಪಾಯಿ ಕೊಡುವ ಯೋಜನೆ ಬಂತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅದನ್ನು ಅಳೆದು ನೋಡಿದಾಗ ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇ 32ರಷ್ಟು ಹೆಚ್ಚಿತ್ತು, ಹುಡುಗ-ಹುಡುಗಿಯರ ನಡುವಿನ ಅಂತರ ಶೇ 40ರಷ್ಟು ತಗ್ಗಿತ್ತು. ಪರಿಣಾಮ ಎದ್ದು ಕಂಡದ್ದು ಶಾಲೆಗೆ 3 ಕಿ.ಮೀ. ಅಥವಾ ಹೆಚ್ಚು ದೂರವಿದ್ದ ಹಳ್ಳಿಗಳಲ್ಲಿ. ನಮ್ಮ ಯೋಜನೆಯನ್ನು ಮಾತ್ರ ಗುಣಮಟ್ಟದ ಜಗಳದಲ್ಲೇ ಮುಗಿಸಿಬಿಟ್ಟೆವು.

ಆರು ಸಾವಿರ ರೂಪಾಯಿಯ ವ್ಯಾನು

ಶಿಕ್ಷಣ ಹಕ್ಕು ಕಾಯ್ದೆಯ ನಿಯಮಗಳು ದೂರವನ್ನು ಅಳೆದಿಟ್ಟಿವೆ. ಐದನೇ ತರಗತಿವರೆಗಿನ ಶಾಲೆ ಮನೆಯಿಂದ 1 ಕಿ.ಮೀ. ಒಳಗೆ, ಎಂಟರವರೆಗಿನದು 3 ಕಿ.ಮೀ. ಒಳಗೆ. ಅಷ್ಟು ಹತ್ತಿರ ಶಾಲೆ ತೆರೆಯಲಾಗದ ಒಂಟಿ ಮನೆ, ಹಾಡಿ, ತಾಂಡಾ, ದೊಡ್ಡಿಗಳ ಮಕ್ಕಳಿಗೆ ಉಚಿತ ಸಾರಿಗೆಯನ್ನೋ ವಸತಿಯನ್ನೋ ಸರ್ಕಾರ ಒದಗಿಸಬೇಕು. ಅದಕ್ಕೆ ಹಣ ಬರುವುದು ಸಮಗ್ರ ಶಿಕ್ಷಣ ಯೋಜನೆಯಿಂದ, ಕೇಂದ್ರದ್ದು 60, ರಾಜ್ಯದ್ದು 40. ಮಿತಿ, ಮಗುವಿಗೆ ವರ್ಷಕ್ಕೆ 6,000 ರೂಪಾಯಿ.

ಈ 6,000ಕ್ಕೆ ಏನು ಬರುತ್ತದೆ? ಊರವರೇ ಸೇರಿ ಒಂದು ಸಣ್ಣ ವ್ಯಾನು ತಂದರೆಂದುಕೊಳ್ಳಿ. ಗಾಡಿಯ ಬೆಲೆ ದಾನಿ ಕೊಟ್ಟ, ಅದು ಲೆಕ್ಕಕ್ಕೆ ಬೇಡ. ಎರಡು ಟ್ರಿಪ್ಪಿನಲ್ಲಿ 30 ಮಕ್ಕಳು, ದಿನಕ್ಕೆ 40 ಕಿ.ಮೀ. ಲೀಟರಿಗೆ ಹತ್ತು ಕಿ.ಮೀ. ಓಡಿದರೆ, ಡೀಸೆಲ್ 90 ರೂಪಾಯಿ ಎಂದು ಹಿಡಿದರೂ ದಿನಕ್ಕೆ 360, ವರ್ಷಕ್ಕೆ 79,200. ಡ್ರೈವರ್‌ಗೆ ತಿಂಗಳಿಗೆ 12,000 ಎಂದರೆ 1,44,000. ಆ ಸಂಬಳಕ್ಕೆ ಒಳ್ಳೆಯ ಡ್ರೈವರ್ ಸಿಕ್ಕರೆ ಊರಿನ ಪುಣ್ಯ. ವಿಮೆ, ಎಫ್‌ಸಿ, ಟೈರು, ಸರ್ವಿಸ್‌ಗೆ 50,000. ಒಟ್ಟು 2,73,200. ಮಗುವಿಗೆ 9,100ಕ್ಕೆ ಸ್ವಲ್ಪ ಮೇಲೆ. ಪುಟ್ಟ ಮಕ್ಕಳನ್ನು ಹತ್ತಿಸಿ ಇಳಿಸುವ ಆಯಾ ಬೇಕೆಂದರೆ 10,000 ದಾಟುತ್ತದೆ. ಅನುದಾನ ಪೂರ್ತಿ ಬಂದರೂ, ಸಮಯಕ್ಕೆ ಬಂದರೂ, ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಬೇರೆ ಯಾರೋ ಹೊರಬೇಕು.

ದಕ್ಷಿಣ ಕನ್ನಡ, ಉಡುಪಿಯಲ್ಲಿ ಹೊತ್ತಿದ್ದಾರೆ. ಇಂಗ್ಲಿಷ್ ಶಾಲೆಯ ಹಳದಿ ಬಸ್ಸು ಮನೆ ಬಾಗಿಲಿಗೆ ಬಂದು ಮಕ್ಕಳನ್ನು ಎತ್ತಿಕೊಂಡು ಹೋಗುವುದನ್ನು ಕಂಡ ಕನ್ನಡ ಶಾಲೆಗಳ ಹಳೆ ವಿದ್ಯಾರ್ಥಿಗಳು, ನಮ್ಮ ಶಾಲೆ ಉಳಿಯಬೇಕಾದರೆ ನಮಗೂ ಗಾಡಿ ಬೇಕು ಎಂದು ನಿರ್ಧರಿಸಿದರು. ಬಂಟ್ವಾಳ ತಾಲ್ಲೂಕಿನ ದಡ್ಡಲಕಾಡಿನ ಸರ್ಕಾರಿ ಶಾಲೆ ಮುಚ್ಚುವ ಹಂತದಿಂದ ಮೇಲೆದ್ದದ್ದು ಹೀಗೆ ಊರವರ ಟ್ರಸ್ಟೊಂದು ಬೆನ್ನಿಗೆ ನಿಂತದ್ದರಿಂದ. ಆದರೆ ಗಾಡಿ ಕೊಡುವ ದಾನಿ ಸಿಗುವಷ್ಟು ಸುಲಭವಾಗಿ ಪ್ರತಿ ತಿಂಗಳು ಡ್ರೈವರ್ ಸಂಬಳ ಕೊಡುವ ದಾನಿ ಸಿಗುವುದಿಲ್ಲ. ಗಾಡಿಯ ಮೇಲೆ ಹೆಸರು ಬರೆಸಬಹುದು, ಡೀಸೆಲ್ಲಿನ ಮೇಲೆ ಬರೆಸಲಾಗದು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷ ಬದಲಾದ ವರ್ಷ ಶೆಡ್ಡಿನಲ್ಲಿ ನಿಂತು ತುಕ್ಕು ಹಿಡಿದ ವ್ಯಾನುಗಳೂ ಇವೆ.

ಅದೂ ಇಲ್ಲದ ಕಡೆ ಟ್ರ್ಯಾಕ್ಸು, ಆಟೊ, ಟ್ರ್ಯಾಕ್ಟರು. 1997ರ ನವೆಂಬರ್‌ನಲ್ಲಿ ದೆಹಲಿಯ ವಜೀರಾಬಾದ್ ಸೇತುವೆಯಿಂದ ಬಸ್ಸು ಯಮುನೆಗೆ ಉರುಳಿ ಲಡ್ಲೋ ಕ್ಯಾಸಲ್ ಶಾಲೆಯ 28 ಮಕ್ಕಳು ಸತ್ತ ಮೇಲೆ ಸುಪ್ರೀಂ ಕೋರ್ಟ್ ಶಾಲಾ ವಾಹನಗಳಿಗೆ ಕಟ್ಟಳೆ ವಿಧಿಸಿತು: ಮುಂದೆ ಹಿಂದೆ ಶಾಲಾ ವಾಹನ ಎಂಬ ಬರಹ, ಕಿಟಕಿಗೆ ಅಡ್ಡ ಸರಳು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಭಾರೀ ವಾಹನ ಓಡಿಸಿ ಐದು ವರ್ಷ ಪಳಗಿದ ಚಾಲಕ. ಸತ್ತವರು ಸರ್ಕಾರಿ ಶಾಲೆಯ ಮಕ್ಕಳು. ಕಟ್ಟಳೆಯ ಫಲ ಇಂದು ಹೆಚ್ಚಾಗಿ ಸಿಗುತ್ತಿರುವುದು ಹಳದಿ ಬಸ್ಸಿರುವ ಖಾಸಗಿ ಶಾಲೆಯವರಿಗೆ. ಬಸ್ಸೇ ಹೋಗದ ಕಡೆ ಹಳ್ಳ ದಾಟಲು ಕಾಲುಸಂಕವಿದೆ. 2022ರ ಆಗಸ್ಟ್ ಮಳೆಯಲ್ಲಿ ಬೈಂದೂರು ಸೀಮೆಯಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಕಾಲುಸಂಕದಿಂದ ಹಳ್ಳಕ್ಕೆ ಬಿದ್ದು ಕೊಚ್ಚಿಹೋದಳು. ಶಾಲಾ ಸಂಪರ್ಕ ಸೇತು ಎಂಬ ಹೆಸರಿನಲ್ಲಿ ಲೋಕೋಪಯೋಗಿ ಇಲಾಖೆ ಇಂಥ ಕಡೆ ಕಿರುಸೇತುವೆ ಕಟ್ಟುತ್ತದೆ. ನೋಡಿ, ಮತ್ತೊಂದು ಇಲಾಖೆ ಸೇರಿತು.

ಅಮೆರಿಕದ ಹಳದಿ ಬಸ್ಸನ್ನು ಇಲ್ಲಿ ನೆನೆಯಬೇಕು, ಅದರ ಬಣ್ಣಕ್ಕಾಗಿ ಅಲ್ಲ. ಮಕ್ಕಳನ್ನು ಶಾಲೆಗೆ ಒಯ್ಯಲು ಸಾರ್ವಜನಿಕ ಹಣ ಬಳಸಬಹುದು ಎಂಬ ಮೊದಲ ಕಾನೂನು ಅಲ್ಲಿನ ಮ್ಯಾಸಚುಸೆಟ್ಸ್ ರಾಜ್ಯದಲ್ಲಿ 1869ರಲ್ಲೇ ಬಂತು. 1939ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಫ್ರಾಂಕ್ ಸೈರ್ ಎಂಬ ಪ್ರಾಧ್ಯಾಪಕರು ಸಭೆ ಕರೆದು ಬಸ್ಸಿನ ಅಳತೆ, ಬಣ್ಣ, ಬಾಗಿಲು ಎಲ್ಲಕ್ಕೂ 44 ಮಾನದಂಡ ಗೊತ್ತುಮಾಡಿದರು. ಆ ಹೊತ್ತಿಗೆ ಅಮೆರಿಕದಲ್ಲಿ 1,17,000ದಷ್ಟು ಶಾಲಾ ಜಿಲ್ಲೆಗಳಿದ್ದವು, ಈಗ 13,000ದಷ್ಟು. ಒಂದು ಕೋಣೆಯ ಹಳ್ಳಿ ಶಾಲೆಗಳನ್ನು ಮುಚ್ಚಿ ದೊಡ್ಡ ಶಾಲೆಗೆ ಸೇರಿಸಿದ ಕಾಲವದು. ಬಸ್ಸು ಬಂದದ್ದು ದಾನವಾಗಿಯಲ್ಲ, ವಿಲೀನದ ಬೆಲೆಯಾಗಿ. ನಮ್ಮ ಕನ್ನಡ ಕುಟುಂಬಗಳು ಸಾಕಷ್ಟಿರುವ ನ್ಯೂಜೆರ್ಸಿಯಲ್ಲಿ ಎಂಟನೇ ತರಗತಿವರೆಗಿನ ಮಗುವಿಗೆ ಶಾಲೆ 2 ಮೈಲಿಗಿಂತ ದೂರವಿದ್ದರೆ, ಹೈಸ್ಕೂಲಿನವರಿಗೆ ಎರಡೂವರೆ ಮೈಲಿಗಿಂತ ದೂರವಿದ್ದರೆ ಬಸ್ಸು ಕೊಡುವುದು ಶಾಲಾ ಜಿಲ್ಲೆಯ ಕಾನೂನುಬದ್ಧ ಹೊಣೆ. ಖರ್ಚು ಸ್ಥಳೀಯ ಆಸ್ತಿ ತೆರಿಗೆಯಿಂದಲೂ ರಾಜ್ಯದ ನೆರವಿನಿಂದಲೂ ಬರುತ್ತದೆ. ಅಲ್ಲೂ ಡ್ರೈವರುಗಳು ಸಿಗುತ್ತಿಲ್ಲ, ಖರ್ಚು ಏರುತ್ತಿದೆ ಎಂಬ ಗೋಳು ಇದ್ದೇ ಇದೆ. ಆದರೆ ಬಸ್ಸು ಬಾರದಿದ್ದರೆ ಯಾರಿಗೆ ಫೋನು ಮಾಡಬೇಕೆಂದು ತಾಯಿಗೆ ಗೊತ್ತಿರುತ್ತದೆ.

ಈಗ ನಮ್ಮಲ್ಲೂ ವಿಲೀನದ ಕಾಲ. 2025-26ರ ಬಜೆಟ್ಟಿನಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನೊಂದಿಗೆ 2,500 ಕೋಟಿ ವೆಚ್ಚದಲ್ಲಿ 500 ಕರ್ನಾಟಕ ಪಬ್ಲಿಕ್ ಶಾಲೆಗಳನ್ನು ರೂಪಿಸುವುದಾಗಿ ಸರ್ಕಾರ ಹೇಳಿದೆ. ಎಲ್‌ಕೆಜಿಯಿಂದ ಪಿಯುವರೆಗೆ ಒಂದೇ ಆವರಣ, ಪ್ರಯೋಗಾಲಯ, ಆಟದ ಮೈದಾನ, ವಿಷಯಕ್ಕೊಬ್ಬ ಶಿಕ್ಷಕ. ಹತ್ತು ಮಕ್ಕಳ ಶಾಲೆಯಲ್ಲಿ ಒಬ್ಬರೇ ಮೇಷ್ಟರು ಐದು ತರಗತಿ ನಡೆಸುವುದಕ್ಕಿಂತ ಇದು ಎಷ್ಟೋ ಮೇಲು ಎಂದೇ ನನ್ನ ಅಭಿಪ್ರಾಯ. ಸುತ್ತಲಿನ ಸಣ್ಣ ಶಾಲೆಗಳನ್ನು ಇದಕ್ಕೆ ಸೇರಿಸುತ್ತಾರೆ ಎಂಬ ಆತಂಕಕ್ಕೆ ಸಿಗುವ ಸಮಾಧಾನ ಒಂದೇ, ವಾಹನ ವ್ಯವಸ್ಥೆ ಮಾಡುತ್ತೇವೆ. ಕಟ್ಟಡದ ಖರ್ಚು ಒಮ್ಮೆ ಬರುತ್ತದೆ, ಶಂಕುಸ್ಥಾಪನೆಯೂ ಇರುತ್ತದೆ. ಬಸ್ಸಿನ ಖರ್ಚು ಪ್ರತಿ ವರ್ಷ, ಪ್ರತಿ ದಿನ. ಅದಕ್ಕೆ ಬಜೆಟ್ಟಿನಲ್ಲಿ ತನ್ನದೇ ಲೆಕ್ಕ ಶೀರ್ಷಿಕೆ ಇಲ್ಲದಿದ್ದರೆ, ಬಿಇಒ ಮತ್ತು ಡಿಪೋ ಮ್ಯಾನೇಜರ್ ಒಂದೇ ಮೇಜಿನ ಮುಂದೆ ಕೂತು ಶಾಲೆಯ ಗಂಟೆಗೆ ಫಾರಂ-4 ಬರೆಯದಿದ್ದರೆ, ಪಾಸಿನ ಸಂಖ್ಯೆಗೆ ಬದಲು ಓಡಿದ ಟ್ರಿಪ್ಪಿಗೆ ನಿಗಮಕ್ಕೆ ಹಣ ಕೊಡದಿದ್ದರೆ, ಆ ಸಮಾಧಾನಕ್ಕೆ ಬೆಲೆಯಿಲ್ಲ.

ಆದ್ದರಿಂದ ನಿಮ್ಮೂರ ಶಾಲೆಯನ್ನು ಪಕ್ಕದೂರಿಗೆ ಸೇರಿಸುವ ಸಭೆ ಕರೆದರೆ ಹೋಗಿ, ಮೂರು ವಿಷಯವನ್ನು ಬರಹದಲ್ಲಿ ಕೇಳಿ: ಗಾಡಿ ಎಷ್ಟು ಗಂಟೆಗೆ ಎಲ್ಲಿಂದ ಹೊರಡುತ್ತದೆ, ಮುಂದಿನ ಐದು ವರ್ಷ ಅದರ ಡೀಸೆಲ್ಲಿಗೂ ಡ್ರೈವರ್ ಸಂಬಳಕ್ಕೂ ಹಣ ಯಾವ ಖಾತೆಯಿಂದ, ಅದು ಕೆಟ್ಟು ನಿಂತ ದಿನ ಹೊಣೆ ಯಾರು. ಮೂರಕ್ಕೂ ಬರಹದಲ್ಲೇ ಉತ್ತರ ಬರುವವರೆಗೆ ಎಸ್‌ಡಿಎಂಸಿ ನಡವಳಿ ಪುಸ್ತಕಕ್ಕೆ ಸಹಿ ಹಾಕಬೇಡಿ.